ಒಳಮಡಿಕೆಯ ಗುರುತು

ಹಗ್ಗದ ಮೇಲಿನ ಬಿಳಿಯ ಹೊದಿಕೆಯೊಂದು ಗಾಳಿಗೆ ಉಬ್ಬಿ ಲ್ಯಾಪ್‌ಟಾಪಿನ ಪರದೆಯ ಮೇಲೆ ನೆರಳು ಚೆಲ್ಲಿತು, ಹಿಂದೆ ಸರಿಯಿತು, ನೆರಳಿದ್ದ ಆ ಗಳಿಗೆಯಲ್ಲಿ ಮಾತ್ರ ಅಕ್ಷರಗಳು ಸ್ಪಷ್ಟವಾಗಿ ಕಂಡವು, ಉಳಿದಂತೆ ಬರೀ ಬಿಸಿಲು, ಬಿಸಿಲಿನಲ್ಲಿ ನನ್ನದೇ ಮುಖ, ಮುಖದ ಹಿಂದೆ ಸಾಲುಸಾಲಾಗಿ ಹೋಟೆಲುಗಳ ಟವೆಲು — ದಯವಿಟ್ಟು ನೀವು ಯಾರೆಂದು ತಿಳಿಸಿ, ಎನ್ನುತ್ತಿದೆ ಯಂತ್ರ, ಎಷ್ಟು ವಿನಯ, ಫೋರ್ಟ್ ಕೊಚ್ಚಿಯಲ್ಲಿ ಯಾರೂ ನನ್ನನ್ನು ಇಷ್ಟು ವಿನಯದಿಂದ ಕೇಳಿದವರಿಲ್ಲ, ಧೋಬಿಖಾನೆಯ ಹುಡುಗಿ ಎಂದರೆ ಸಾಕಾಗುತ್ತಿತ್ತು, ಚೆಲ್ಲಯ್ಯನ ಮಗಳು ಎಂದರೆ ಇನ್ನೂ ಸಾಕು, ಶೆಣ್ಬಗಂ ಎಂಬ ಹೆಸರು ಪಡಿತರ ಚೀಟಿಗೆ ಮತ್ತು ಅತ್ತೆಯ ಬೈಗುಳಕ್ಕೆ ಮೀಸಲು — ಇಗೋ ಅತ್ತೆ, ಅಪ್ಪನ ಅಕ್ಕ, ಮೇಜಿನ ಆ ತುದಿಯಲ್ಲಿ ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತ, ಗಂಜಿ ಸುಟ್ಟ ವಾಸನೆಯನ್ನು ನನ್ನ ಕಡೆಗೇ ಕಳಿಸುತ್ತ, ಏನ್ ಕಣ್ಣು, ಮುಂಚೆ ಬಟ್ಟೆ ಮುಂದೆ ಕೂತು ತೂಕಡಿಸ್ತಿದ್ದೆ, ಈಗ ಡಬ್ಬಿ ಮುಂದೆ, ಭಾನುವಾರ ಅಂತ ಅದಕ್ಕಾದರೂ ಗೊತ್ತಿಲ್ವಾ, ಅನ್ನುತ್ತಾಳೆ, ಮುದ್ದಿಗೆ ನಾನು ಅವಳಿಗೆ ಕಣ್ಣು, ಮಧ್ಯಾಹ್ನದೊಳಗೆ ಒಂದು ಕೆಲಸ ಇದೆ ಅತ್ತೆ, ಅನ್ನುತ್ತೇನೆ, ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ, ಈ ಇಸ್ತ್ರಿ ಚಾವಡಿಯ ಮೂಲೆಯಲ್ಲಿ ಮಾತ್ರ ಸಿಗುತ್ತದೆ, ಆದ್ದರಿಂದ ಹೊಸ ಲ್ಯಾಪ್‌ಟಾಪು ಇಲ್ಲಿ, ಮಡಿಸಿಟ್ಟ ದಿಂಬಿನ ಚೀಲಗಳ ನಡುವೆ, ತಾನೂ ಇಸ್ತ್ರಿಗೆ ಬಂದ ವಸ್ತುವಿನಂತೆ ತೆರೆದುಕೊಂಡು ಕುಳಿತಿದೆ.

ನೀವು ಯಾರೆಂದು ತಿಳಿಸಿ. ಹೆಸರು, ಇ-ಮೇಲ್ ವಿಳಾಸ, ಎರಡೇ ಸಾಲು. ನಾವು ಕಚೇರಿಯಲ್ಲಿ ಬರೆಯುವ ಪ್ರೋಗ್ರಾಮಿನ ಪ್ರತಿಯೊಂದು ಸಾಲನ್ನೂ ಗಿಟ್ ಎಂಬುದು ನೆನಪಿಡುತ್ತದೆ, ಯಾರು ಬರೆದರು, ಯಾವಾಗ ಬದಲಿಸಿದರು, ಮರೆಯುವ ಜಾಯಮಾನದ್ದೇ ಅಲ್ಲ, ಆದರೆ ನೀನು ಹೇಳಿದ ಹೆಸರನ್ನೇ ಅದು ನಂಬುತ್ತದೆ, ಹುಲಿ ಎಂದರೆ ಹುಲಿ, ಇಲಿ ಎಂದರೆ ಇಲಿ — ನಾಲ್ಕು ವರ್ಷದ ಹಿಂದೆ, ಮಟ್ಟಾಂಚೇರಿಯ ನಮ್ಮ ಎರಡು ಕೋಣೆಯ ಕಚೇರಿಯಲ್ಲಿ, ಕೆಳಗೆ ಮೆಣಸಿನ ಗೋದಾಮು, ಮೊದಲ ದಿನವಿಡೀ ಸೀನಿದ್ದೆ, ಗಾಡ್‌ಫ್ರಿ ಚೇಟ್ಟ, ಚೇಟ್ಟ ಎಂದರೆ ಅಣ್ಣ, ಅಲ್ಲಿ ನನಗಿಂತ ಮೊದಲು ಸೇರಿದವನು, ತನ್ನ ಕುರ್ಚಿಯಿಂದ ಯಾವುದೋ ಪಾಠದ ಪುಟ ನೋಡಿಕೊಂಡು ಓದುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ, ಕೇಳಿದ್ದನ್ನು ಕೇಳಿದ ಹಾಗೆ, ಹೆಸರಿನ ಜಾಗದಲ್ಲಿ ಯುವರ್ ನೇಮ್ ಅಂತ ಹಾಕು ಮೋಳೇ, ಮಗೂ ಎನ್ನುವ ಹಾಗೆ ಅಂದ, ಹಾಕಿದೆ, ಅದು ಬರೀ ಮಾದರಿ, ಅಲ್ಲಿ ಅವರವರ ಹೆಸರು ಬರೆಯಬೇಕು ಎಂಬುದು ಅವನಿಗೂ ಹೊಳೆಯಲಿಲ್ಲ, ತನ್ನ ಯಂತ್ರದಲ್ಲೂ ಹಾಗೆಯೇ ಹಾಕಿಕೊಂಡಿದ್ದ, ಒಂದೆರಡು ತಿಂಗಳು ನಾವಿಬ್ಬರೂ ಒಂದೇ ಹೆಸರಿನವರು, ಆಮೇಲೆ ಅವನದು ಸರಿಯಾಯಿತು, ನನ್ನದು ಉಳಿದುಹೋಯಿತು. ನನಗೆ ಗೊತ್ತಾಗಲಿಲ್ಲವೆಂದಲ್ಲ, ಗೊತ್ತಾದ ದಿನ ನಕ್ಕು ಬಿಟ್ಟಿದ್ದೆ, ಬಿಟ್ಟದ್ದು ಹಾಗೆಯೇ ನಿಂತಿತು, ಯಾರು ಓದಿದರೆ ಅವರದೇ ಹೆಸರು, ಅದರಲ್ಲೊಂದು ಹಿತವಿತ್ತು, ಒಗೆದ ಅಂಗಿ ತೊಡುವವನದಾಗುವ ಹಾಗೆ, ಯಾವ ಅಂಗಿಯ ಮೇಲೂ ಒಗೆದವನ ಹೆಸರಿಲ್ಲ, ನಮ್ಮ ಮನೆತನದಲ್ಲಿ ಅದು ಹೊಸದೇನೂ ಅಲ್ಲ. ಆ ಹೆಸರಿನಲ್ಲೇ ಜೆಟ್ಟಿಯಲ್ಲಿ ದೋಣಿಗಳ ವೇಳೆ ತೋರಿಸುವ ವಿದ್ಯುತ್ ಹಲಗೆಯ ಕೆಲಸ ಮಾಡಿದೆ, ಆ ಹೆಸರಿನಲ್ಲೇ ಇಳಿತದ ಲೆಕ್ಕ ಬರೆದೆ — ನೀರು ಇಳಿದಾಗ ದೋಣಿ ದ್ವೀಪದ ಕಟ್ಟೆಗೆ ನೇರ ಬರಲಾರದು, ಸುತ್ತಿ ಬರುತ್ತದೆ, ಹಲಗೆ ಸುಳ್ಳು ಹೇಳುತ್ತದೆ, ಜನ ಹಲಗೆಯನ್ನು ಬೈಯುತ್ತಾರೆ, ಒಂದಿಡೀ ಮಳೆಗಾಲ ಅದರ ಹಿಂದೆ ಬಿದ್ದಿದ್ದೆ, ದೋಣಿಯಲ್ಲಿ ಕುಳಿತು ಬಂದೆ, ಚುಕ್ಕಾಣಿಯವರ ಬೀಡಿಯ ಹೊಗೆ ಕುಡಿದೆ, ಕೊನೆಗೊಂದು ದಿನ ಹಲಗೆ ಹೇಳಿದ ಹೊತ್ತಿಗೇ ದೋಣಿ ಬಂತು, ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಹಲಗೆ ನೋಡಿ, ದೋಣಿ ನೋಡಿ, ಇವತ್ತು ಇದಕ್ಕೆ ಬುದ್ಧಿ ಬಂದಿದೆ, ಅಂದಳು, ಅಷ್ಟು ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು, ನಿನ್ನೆ ಶನಿವಾರದವರೆಗೆ.

ಶನಿವಾರ ಕಚೇರಿಯ ಯಜಮಾನರು ಶಂಸುದ್ದೀನ್ ಸಾರ್ ಎರಡು ಹೊಸ ಲ್ಯಾಪ್‌ಟಾಪು ತಂದರು, ಒಂದು ಗಾಡ್‌ಫ್ರಿ ಚೇಟ್ಟನಿಗೆ, ಒಂದು ನನಗೆ, ಪಳಂಪೊರಿ ತರಿಸಿದರು, ಕರಿದ ಬಾಳೆಹಣ್ಣಿನ ಬಿಸಿ ಆರುವ ಮೊದಲೇ ಹೇಳಿದರು, ದೋಣಿ ಕಂಪನಿಯವರು ಹಲಗೆಯ ಕೆಲಸವನ್ನು ಒಬ್ಬರ ಕೈಗೆ ಒಪ್ಪಿಸ್ತಾರಂತೆ, ಇಳಿತದ ಲೆಕ್ಕ ಬರೆದವರಿಗೇ, ಖಾಯಂ ಕೆಲಸ, ಜೆಟ್ಟಿಯ ಕಂಪ್ಯೂಟರಿನೊಳಕ್ಕೆ ಹೋಗೋದಕ್ಕೆ ಒಂದೇ ಕೀಲಿ-ಫೈಲು ಇಟ್ಕೋತಾರಂತೆ, ಭಾನುವಾರ ಮಧ್ಯಾಹ್ನದೊಳಗೆ ಆ ಕೀಲಿ ನಂಗೆ ಬರಬೇಕು — ಆಮೇಲೆ ಕನ್ನಡಕ ಏರಿಸಿ ಪರದೆ ನೋಡಿ, ಅಲ್ಲಾ, ಈ ಯುವರ್ ನೇಮ್ ಅನ್ನೋನು ಯಾರು, ಎಲ್ಲಾ ಕೆಲಸ ಅವನೇ ಮಾಡಿದಾನಲ್ಲ, ಯಾವ ಕುರ್ಚೀಲಿ ಕೂರ್ತಾನೆ, ಸಂಬಳ ಯಾರು ಕೊಡ್ತಿದಾರೆ ಅವನಿಗೆ, ಅಂದರು, ಎಲ್ಲರೂ ನಕ್ಕೆವು, ನಾನೂ ನಕ್ಕೆ, ಗಾಡ್‌ಫ್ರಿ ಚೇಟ್ಟ ನಗು ಮುಗಿಸಿ, ನಮ್ಮದೇ ಸಾರ್, ಶುರುವಲ್ಲಿ ನಾನೇ ಹಾಕ್ಕೊಂಡ ಹೆಸರು ಅದು, ಅಂದ, ಅದು ಸುಳ್ಳಲ್ಲ, ಸಾರ್ ತಲೆಯಾಡಿಸಿದರು, ಹಾಗಾದ್ರೆ ನಿಂದೇ ಕೀಲಿ ಕಳಿಸು, ಅಂದರು, ನಾನು ಪಳಂಪೊರಿಯ ಎಣ್ಣೆ ಕಾಗದಕ್ಕೆ ಹರಡುವುದನ್ನು ನೋಡುತ್ತಿದ್ದೆ, ಅದು ನಿಧಾನವಾಗಿ ಅಂಚಿಗೆ ಬರುತ್ತಿತ್ತು, ಬಂತು. ಸಂಜೆ ಜೆಟ್ಟಿಯ ಮೆಟ್ಟಿಲಲ್ಲಿ ಅವನೇ ಕಾದು ನಿಂತಿದ್ದ, ನನಗೆ ಗಿಟ್ ಕಲಿಸಿದವನು, ಧೋಬಿಖಾನೆಯ ಹುಡುಗಿಗೆ ಕಂಪ್ಯೂಟರ್ ಕೆಲಸವೇ ಎಂದು ನಕ್ಕವರ ಎದುರು ನನ್ನ ಪರವಾಗಿ ಮಾತಾಡಿದವನು, ಕಣ್ಣಿಗೆ ಕಣ್ಣು ಕೊಡದೆ ನೀರನ್ನು ನೋಡುತ್ತ, ಮೋಳೇ, ತಪ್ಪು ತಿಳ್ಕೋಬೇಡ, ಕೀಲಿ ನೀನೇ ಮಾಡು, ಎರಡೂ ಫೈಲು ನಂಗೆ ಕಳಿಸು, ಸಾರ್‌ಗೆ ನಾನು ಕೊಡ್ತೀನಿ, ಕೆಲಸ ಯಾವತ್ತಿನ ಹಾಗೆ ನೀನೇ ಮಾಡ್ತಿರು, ಒಂದು ಕೀಲಿ ಇಬ್ಬರ ಕೈಲಿದ್ರೆ ಬಾಗಿಲಿಗೇನು ಗೊತ್ತಾಗತ್ತೆ — ಟ್ರೀಸಾಗೆ ಏಳು ತಿಂಗಳು, ನಿಂಗೆ ಗೊತ್ತಲ್ಲ — ಗೊತ್ತು ಚೇಟ್ಟ, ಅಂದೆ, ಹೆಂಡತಿ ಬಸುರಿ, ನಿಮ್ಮ ಕಷ್ಟ ಗೊತ್ತು ಎಂಬ ಅರ್ಥದಲ್ಲಿ ಅಂದೆ, ಅವನು ಒಪ್ಪಿಗೆ ಎಂದು ತಿಳಿದು ಹೆಗಲು ತಟ್ಟಿ ದೋಣಿ ಹತ್ತಿದ, ನಾನು ತಿದ್ದಲಿಲ್ಲ, ದೋಣಿ ಹಲಗೆ ಹೇಳಿದ ಹೊತ್ತಿಗೇ ಹೊರಟಿತು.

ಗಾಡ್‌ಫ್ರಿ ಚೇಟ್ಟ ಈಗ ಇಗರ್ಜಿಯಲ್ಲಿದ್ದಾನೆ, ಪೂಜೆ ಮುಗಿದ ಗಂಟೆ ಇನ್ನೂ ಹೊಡೆದಿಲ್ಲ, ಗಂಟೆ ಹೊಡೆದೊಡನೆ ಮೆಟ್ಟಿಲು ಇಳಿಯುತ್ತಲೇ ಫೋನು ತೆಗೆಯುತ್ತಾನೆ, ನನಗೆ ಅವನ ಹೆಜ್ಜೆಗಳೂ ಗೊತ್ತು — ಹೆಸರಿನ ಜಾಗ ಹಾಗೆಯೇ ಇರಲಿ, ಮೊದಲು ಕೀಲಿ, ಕೀಲಿ ಮಾಡುವುದು ಹೆಸರು ಹೇಳುವುದಕ್ಕಿಂತ ಸುಲಭ, ಅಪ್ಪಣೆಯ ಸಾಲಿನಲ್ಲಿ ಕೀಲಿಯ ಬಗೆ ಹೇಳುವ ಆ ಇಪ್ಪತ್ತೈದು ಐನೂರ ಹತ್ತೊಂಬತ್ತು, ಲಾರಿಯ ನಂಬರಿನಂಥದ್ದು, ಬೆರಳುಗಳಿಗೇ ಕಂಠಪಾಠ, ಎಲ್ಲಿಡಲಿ ಎಂದು ಕೇಳಿತು, ಇದ್ದಲ್ಲೇ ಇಡು, ಗುಟ್ಟಿನ ಮಾತು ಕೊಡು ಎಂದಿತು, ಇದನ್ನು ಮಾತ್ರ ಮನಸ್ಸಿನಲ್ಲೂ ಉಚ್ಚರಿಸಲಾರೆ, ಬೆರಳುಗಳು ಹೋಗಿ ಬಂದವು, ಪರದೆಯ ಮೇಲೆ ಏನೂ ಮೂಡಲಿಲ್ಲ, ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ, ಹೊಸಬರು ಇಲ್ಲಿಯೇ ಹೆದರುತ್ತಾರೆ, ಕೀಲಿಮಣೆ ಕೆಟ್ಟಿದೆಯೆಂದು ಕುಟ್ಟುತ್ತಾರೆ, ಕೆಟ್ಟಿಲ್ಲ, ಅದು ಕೇಳಿಸಿಕೊಳ್ಳುತ್ತಿದೆ, ತೋರಿಸುವುದಿಲ್ಲ ಅಷ್ಟೆ, ಇನ್ನೊಮ್ಮೆ ಹೇಳು ಎಂದಿತು, ಹೇಳಿದೆ. ಎರಡು ಫೈಲು ಹುಟ್ಟಿದವು. ಒಂದರ ಹೆಸರಿಗೆ ಪಬ್ ಎಂಬ ಬಾಲವಿದೆ, ಇನ್ನೊಂದಕ್ಕಿಲ್ಲ, ಬಾಲ ಇರೋದು ಊರಿಗೆ, ಬಾಗಿಲಿಗೆ ನಿನ್ನ ಗುರುತು ಹೇಳೋಕೆ, ಬಾಲ ಇಲ್ಲದ್ದು ಮನೆಗೆ, ಬಾಗಿಲು ತೆಗೆಯೋದು ಅದೇ, ಅದು ಯಾವತ್ತೂ ಹೊಸಿಲು ದಾಟಬಾರದು, ನಿಮ್ಮಪ್ಪ ಬಂದು ಕೇಳಿದ್ರೂ ಕೊಡಬೇಡ, ಎಂದು ಕಲಿಸಿದವನು ಗಾಡ್‌ಫ್ರಿ ಚೇಟ್ಟನೇ, ಅಂದು ನಾನು ನಕ್ಕಿದ್ದೆ, ನಮ್ಮಪ್ಪ ಕೇಳಲ್ಲ, ಅವನ ಹತ್ರಾನೂ ಒಂದಿದೆ, ಅಂದಿದ್ದೆ, ಅವನಿಗೆ ಅರ್ಥವಾಗಿರಲಿಲ್ಲ — ಅಪ್ಪನ ಹತ್ತಿರವೂ ಇತ್ತು, ಒಂದೊಂದು ಮನೆಗೂ ಒಂದೊಂದು ಗುರುತು, ಅಂಗಿಯ ಕೊರಳಪಟ್ಟಿಯ ಹಿಂದೆ, ಲಂಗದ ಒಳಮಡಿಕೆಯಲ್ಲಿ, ಕರಿಗೇರಿನ ರಸದಲ್ಲಿ ಅದ್ದಿದ ಕಡ್ಡಿಯಿಂದ ಒಂದು ಗೀಟು, ಮೂರು ಚುಕ್ಕಿ, ಓರೆ ಗೀಟು, ಎರಡು ಅಡ್ಡ, ಎಷ್ಟು ಒಗೆದರೂ ಹೋಗದ ಕಪ್ಪು, ಬಟ್ಟೆ ಹರಿದರೂ ಗುರುತು ಉಳಿಯುತ್ತದೆ, ಗುರುತು ಊರೆಲ್ಲ ತಿರುಗಿ ಬರುತ್ತಿತ್ತು, ಜಡ್ಜಿಯ ಬೆನ್ನ ಮೇಲೆ, ಮೀನಿನ ಸಾಹುಕಾರರ ಸೊಂಟದಲ್ಲಿ, ಯಾರು ಬೇಕಾದರೂ ನೋಡಬಹುದಿತ್ತು, ಓದಲು ಮಾತ್ರ ಅಪ್ಪನೇ ಬೇಕು, ಓದುವ ಬಗೆ ಅವನ ತಲೆಯೊಳಗೆ, ಅದು ಹೊರಗೆ ಬಂದದ್ದೇ ಇಲ್ಲ, ಅವನ ಜೊತೆಗೇ ಹೋಯಿತು, ಅತ್ತೆಗೆ ಅರ್ಧ ಗೊತ್ತಿತ್ತು, ಉಳಿದರ್ಧದ ಬದಲು ಈಗ ಹೋಟೆಲುಗಳು ತಮ್ಮ ಹೆಸರು ಅಚ್ಚು ಹಾಕಿಸಿ ಕಳಿಸುತ್ತವೆ.

ಎಲ್ಲ ಮನೆಗೂ ಗುರುತಿತ್ತು, ನಮ್ಮ ಮನೆಗೆ ಇರಲಿಲ್ಲ. ಗುರುತಿಲ್ಲದ್ದು ಯಾವುದೋ ಅದೇ ನಮ್ಮದು, ಅನ್ನುತ್ತಿದ್ದ ಅಪ್ಪ, ಅದೂ ಒಂದು ಗುರುತೇ ಎಂಬ ಹೆಮ್ಮೆಯಿಂದ, ಹಗ್ಗದ ತುದಿಯಲ್ಲಿ ಅವನ ಲುಂಗಿ, ನನ್ನ ನೀಲಿ ಲಂಗ, ಬೋಳು ಒಳಮಡಿಕೆಗಳು, ತಿರುಚಿದ ಎರಡೆಳೆ ಹಗ್ಗದ ಸಂದಿನಲ್ಲಿ ಸಿಕ್ಕಿಕೊಂಡು ಗಾಳಿಗೆ ಹಾರಾಡುತ್ತಿದ್ದವು — ಆ ಲಂಗವೇ ಒಂದು ದಿನ ಕೊರೆಯಾ ಅವರ ಮನೆಯ ಗಂಟಿನಲ್ಲಿ ಸೇರಿಹೋಯಿತು, ಶಾಲೆಯಲ್ಲಿ ಕೊರೆಯಾ ಅವರ ಹುಡುಗಿ ಅದನ್ನು ತೊಟ್ಟು ಬಂದಳು, ಸೊಂಟದ ಪಟ್ಟಿಯಲ್ಲಿ ಅತ್ತೆ ಹೊಲಿದ ಹಳದಿ ದಾರ ನನಗೆ ಕಾಣುತ್ತಿತ್ತು, ಪ್ರಾರ್ಥನೆಯುದ್ದಕ್ಕೂ ಅದನ್ನೇ ನೋಡಿದೆ, ಸಂಜೆ ಅಪ್ಪನ ಕೈಹಿಡಿದು ಅವರ ಮನೆಯ ಮೆಟ್ಟಿಲ ಕೆಳಗೆ ನಿಂತೆ. ಕೊರೆಯಾ ಅಮ್ಮ ಕೆಟ್ಟವರಲ್ಲ, ಲಂಗವನ್ನು ತಾವೇ ತಂದು ಅಪ್ಪನ ಕೈಗೆ ಕೊಟ್ಟರು, ನೋಡು ಚೆಲ್ಲಯ್ಯಾ, ನಾವು ನಂಬೋದು ನಿನ್ನ ಗುರುತನ್ನ, ನಿಮ್ಮ ಮನೆ ಗುರುತು ಇದ್ರೆ ತಗೊಂಡು ಹೋಗು, ಅಂದರು. ಅಪ್ಪ ಒಳಮಡಿಕೆ ತಿರುಗಿಸಿದ. ಬೋಳು. ಇನ್ನೊಂದು ಸುತ್ತು ತಿರುಗಿಸಿದ, ಹುಡುಕಿದರೆ ಸಿಕ್ಕೀತೆಂಬಂತೆ, ನಾನು ಹಳದಿ ದಾರವನ್ನು ಬೆರಳಿನಿಂದ ತೋರಿಸುತ್ತಿದ್ದೆ, ಅಪ್ಪ ನನ್ನ ಬೆರಳನ್ನು ಮಡಿಸಿದ, ಲಂಗವನ್ನು ಒಗೆದ ಬಟ್ಟೆ ಮಡಿಸುವ ಹಾಗೆಯೇ ನಾಲ್ಕು ಮಡಿಕೆ ಮಾಡಿ ಅವರ ಕೈಗಿಟ್ಟ, ಇಲ್ಲಮ್ಮಾ, ನಮ್ಮದಲ್ಲ, ಅಂದ — ನಮ್ಮದಲ್ಲ, ಎಂದು ನನ್ನ ಎದುರಿಗೇ, ಮನೆಗೆ ಬರುವ ದಾರಿಯಲ್ಲಿ, ಮೈದಾನದಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು, ಚೆಂಡು ನಮ್ಮ ಕಾಲ ಬಳಿ ಬಂತು, ಅಪ್ಪ ಅದನ್ನು ಬಹಳ ಮೆಲ್ಲಗೆ ವಾಪಸು ತಳ್ಳಿದ. ಅವನು ಸುಳ್ಳು ಹೇಳಿದನೇ, ನಿಯಮಕ್ಕೆ ತಲೆಬಾಗಿದನೇ, ಇಷ್ಟು ವರ್ಷವಾಗಿ ನಾನು ತೀರ್ಮಾನಿಸಿಲ್ಲ, ಮರುದಿನ ಹೊಸ ಲಂಗಕ್ಕೆ ಅದೇ ನೀಲಿ ಬಟ್ಟೆ ತಂದ, ಅತ್ತೆ ಹೊಲಿದಳು, ಅವನು ಕರಿಗೇರು ಜಜ್ಜಿ ಕಡ್ಡಿ ಅದ್ದಿ ಬಹಳ ಹೊತ್ತು ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು ಕುಳಿತಿದ್ದ, ಊರಿನ ಮನೆಗಳಿಗೆಲ್ಲ ಗುರುತು ಕೊಟ್ಟವನಿಗೆ ತನಗೊಂದು ಬೇಕಾದಾಗ ಏನೂ ತೋಚಲಿಲ್ಲ, ಸುಲಭದವೆಲ್ಲ ಬೇರೆಯವರಿಗೆ ಹೋಗಿಯಾಗಿತ್ತು, ಕೊನೆಗೆ ಒಂದು ಗೀಟು, ಗೀಟಿನ ಕೆಳಗೆ ಎರಡು ಚುಕ್ಕಿ, ಎಡದ್ದು ಕೊಂಚ ಜಾರಿತು, ಮೇಲೆ ಸುಣ್ಣ ಹಚ್ಚಿ ಒಣಗಿಸೋವರೆಗೆ ಮುಟ್ಟಬೇಡ ಕಣ್ಣು, ಅಂದ, ನಾನು ಬೆಳಗಾದೊಡನೆ ತೊಟ್ಟು ಹೋದೆ, ಇನ್ನೂ ಹಸಿಯಾಗಿತ್ತು, ಮಂಡಿಯ ಕೆಳಗೆ ಬೊಬ್ಬೆ ಎದ್ದಿತು, ಒಂದು ಗೀಟು, ಎರಡು ಚುಕ್ಕಿ, ಒಂದು ವಾರ ಉರಿಯಿತು, ಅಪ್ಪ ತೆಂಗಿನೆಣ್ಣೆ ಸವರುತ್ತ ಬೈಯುತ್ತಿದ್ದ, ಬೈಯುತ್ತಲೇ, ಈಗ ಯಾರೂ ಕೇಳಲ್ಲ ಬಿಡು, ಅಂದ, ಈಗಲೂ ಅಲ್ಲಿ ಚರ್ಮ ನುಣುಪಾಗಿದೆ, ಮೇಜಿನ ಕೆಳಗೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಕಣ್ಣು, ಇದ್ಯಾವ ಮನೇ ಗುರುತು, ಎಂದು ಅತ್ತೆ ಹೆಗಲ ಮೇಲಿಂದ ಬಗ್ಗಿದ್ದಾಳೆ, ಅವಳ ಸೆರಗಿನಲ್ಲಿ ಇದ್ದಿಲಿನ ಬಿಸಿ, ಕೀಲಿ ಹುಟ್ಟಿದಾಗ ಯಂತ್ರ ತಾನೇ ಒಂದು ಚೌಕ ಗೀಚಿ ಅದರೊಳಗೆ ಚುಕ್ಕಿ, ಸೊನ್ನೆ, ಕೂಡುವ ಗೀಟುಗಳನ್ನು ಚೆಲ್ಲಿ ತೋರಿಸುತ್ತದೆ, ಪ್ರತಿ ಕೀಲಿಗೂ ಬೇರೆ ಚಿತ್ತಾರ, ಯಾರೂ ಅದನ್ನು ನೋಡುವುದಿಲ್ಲ, ನಾನೂ ನೋಡಿದವಳಲ್ಲ — ಗುರುತೇ ಅತ್ತೆ, ಅಂದೆ, ಚೆನ್ನಾಗಿಲ್ಲ, ಅಂದಳು ಅತ್ತೆ, ಇಷ್ಟೊಂದು ಚುಕ್ಕಿ ಇಟ್ರೆ ಬಟ್ಟೆ ತೂತಾಗತ್ತೆ, ನಿಮ್ಮಪ್ಪ ಆಗಿದ್ರೆ ಎರಡರಲ್ಲಿ ಮುಗಿಸೋನು, ಯಾರ ಮನೇದು ಹೇಳು, ನಾನು ಪರದೆಯನ್ನು ನೆರಳಿನ ಕಡೆಗೆ ಓರೆ ಮಾಡಿದೆ, ಅವಳು ಇಸ್ತ್ರಿಪೆಟ್ಟಿಗೆಯ ಬೂದಿ ಊದಿಕೊಂಡು ದಿಂಬಿನ ಚೀಲಗಳಿಗೆ ಮರಳಿದಳು, ಗಂಟೆ ಹೊಡೆಯಿತು, ಇಗರ್ಜಿಯದು, ಪಾರಿವಾಳಗಳು ಎದ್ದು ಹಗ್ಗಗಳ ಮೇಲೆ ಹಾದುಹೋದವು, ಅತ್ತೆ ತಲೆಯೆತ್ತಿ ಅವುಗಳನ್ನು ಹೋಟೆಲಿನವರ ಹೆಸರು ಹಿಡಿದು ಬೈದಳು, ಫೋನು ಮೇಜಿನ ಮೇಲೆ ನಡುಗಿತು, ಮೋಳೇ, ಆಯ್ತಾ, ಎರಡೂ ಕಳಿಸು, ಟ್ರೀಸಾ ನಿಂಗೆ ಮೀನು ಸಾರು ಇಟ್ಟಿದಾಳೆ, ಸಂಜೆ ಬಾ. ಮೀನು ಸಾರು ನಿಜವಾಗಿಯೂ ಇಟ್ಟಿರುತ್ತಾಳೆ, ಕೊಡಂಪುಳಿಯ ಹುಳಿ ಹಾಕಿದ್ದು, ಅದೇ ಕಷ್ಟ. ಎರಡೂ ಕಳಿಸಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ನಾಳೆಯೂ ಹಲಗೆ ಸರಿಯಾದ ಹೊತ್ತನ್ನೇ ತೋರಿಸುತ್ತದೆ, ಜೆಟ್ಟಿಯ ಯಂತ್ರ ನನ್ನನ್ನು ಗಾಡ್‌ಫ್ರಿ ಎಂದು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ, ಮುದುಕಿ ಹಲಗೆಯನ್ನು ಹೊಗಳುತ್ತಾಳೆ, ಕಳಿಸದಿದ್ದರೆ ಸಾರ್ ಕೇಳುತ್ತಾರೆ, ಇಳಿತದ ಲೆಕ್ಕ ನಿಂದು ಅನ್ನೋದಕ್ಕೆ ಗುರುತೆಲ್ಲಿ, ಅನ್ನುತ್ತಾರೆ, ಒಳಮಡಿಕೆ ತಿರುಗಿಸಿದರೆ ಯುವರ್ ನೇಮ್ ಎಂದಿರುತ್ತದೆ, ಅಂದರೆ ಬೋಳು, ಚೇಟ್ಟ ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ, ಅವನು ಏನೆನ್ನುತ್ತಾನೋ ಅವನಿಗೇ ಈಗ ತಿಳಿದಿರಲಿಕ್ಕಿಲ್ಲ, ಪಾಪ, ಬಿಸಿಲಲ್ಲಿ ಫೋನು ಹಿಡಿದು ನಿಂತಿದ್ದಾನೆ.

ದಯವಿಟ್ಟು ನೀವು ಯಾರೆಂದು ತಿಳಿಸಿ, ಅದು ಇನ್ನೂ ಕಾಯುತ್ತಿದೆ, ಅದಕ್ಕೆ ಅವಸರವಿಲ್ಲ, ಶೆಣ್ಬಗಂ ಚೆಲ್ಲಯ್ಯ, ಬರೆದೆ, ಬರೆದದ್ದು ಪರದೆಯ ಮೇಲೆ ಕಂಡಿತು, ಇದು ಗುಟ್ಟಿನ ಮಾತಲ್ಲ, ಕಾಣಬೇಕಾದದ್ದು, ಕೆಳಗೆ ವಿಳಾಸ, ಅದೂ ನನ್ನದೇ, ಬಾಲವಿರುವ ಫೈಲನ್ನು ತೆರೆದೆ, ಒಂದೇ ಉದ್ದನೆಯ ಸಾಲು, ಅರ್ಥವಿಲ್ಲದ ಅಕ್ಷರಗಳು, ಸಾಲಿನ ತುದಿಯಲ್ಲಿ, ಕೊರಳಪಟ್ಟಿಯ ಹಿಂದೆ ಗುರುತು ಹಾಕುವಂತೆ, ನನ್ನ ಹೆಸರು ಹಾಕಿದೆ, ಬಾಲವಿಲ್ಲದ್ದನ್ನು ಮುಟ್ಟಲಿಲ್ಲ, ಅದು ಮನೆಯಲ್ಲಿರಲಿ, ಕಳಿಸುವುದು ಸಾರ್‌ಗೆ, ಅದರ ಪ್ರತಿ ಗಾಡ್‌ಫ್ರಿ ಚೇಟ್ಟನಿಗೆ, ಅವನಿಗೆ ಬೇರೆಯವರ ಬಾಯಿಂದ ತಿಳಿಯಬಾರದು, ಜೊತೆಗೆ ಏನು ಬರೆಯಲಿ, ದೊಡ್ಡ ಮಾತೆಲ್ಲ ಬರೆದು ಅಳಿಸಿದೆ, ಮಳೆಗಾಲದ ದೋಣಿ, ಬೀಡಿಯ ಹೊಗೆ, ಮುದುಕಿ, ಎಲ್ಲ ಅಳಿಸಿದೆ, ಇಳಿತದ ಲೆಕ್ಕ ನನ್ನದು ಸಾರ್, ಇದು ನನ್ನ ಕೀಲಿ, ಅಷ್ಟೇ ಉಳಿಯಿತು, ಕಳಿಸಿದೆ, ಹೊದಿಕೆಯ ನೆರಳು ಬಂತು, ಹೋಯಿತು, ಚೇಟ್ಟ ಓದಿದನೆಂದು ಫೋನಿನಲ್ಲಿ ಎರಡು ನೀಲಿ ಗೀಟು ಮೂಡಿದವು, ಅವನು ಏನೋ ಬರೆಯುತ್ತಿದ್ದಾನೆ, ನಿಲ್ಲಿಸಿದ, ಮತ್ತೆ ಬರೆಯುತ್ತಿದ್ದಾನೆ, ಸಾರ್ ಕಡೆಯಿಂದ ಇನ್ನೂ ಏನಿಲ್ಲ, ಕೊರೆಯಾ ಅಮ್ಮನ ಮೆಟ್ಟಿಲ ಕೆಳಗೆ ನಿಂತಿದ್ದೇನೆ, ಈ ಸಲ ಬೆರಳು ಮಡಿಸುವವರಿಲ್ಲ, ಚೇಟ್ಟ ಮತ್ತೆ ನಿಲ್ಲಿಸಿದ, ಅತ್ತೆ ಆ ತುದಿಯಿಂದ, ಯಾರ ಮನೇದು ಅಂತ ಕೇಳಿದ್ನಲ್ಲ, ಅನ್ನುತ್ತಾಳೆ, ನಮ್ಮದೇ ಅತ್ತೆ, ಅನ್ನುತ್ತೇನೆ, ಮಂಡಿಯ ಕೆಳಗೆ ಬೆರಳು, ನೀಲಿ ಲಂಗದ ಒಳಮಡಿಕೆ, ಒಂದು ಗೀಟು, ಎರಡು ಚುಕ್ಕಿ, ಎಡದ್ದು ಕೊಂಚ ಜಾರಿದೆ, ಇನ್ನೂ ಹಸಿ —